ಟೂ ಸ್ಟ್ರೋಕ್ ಮೋಟಾರ್ ಸೈಕಲ್ಲೂ ಶುದ್ಧವಾಯುವೂ

ಮೈಸೂರಿನಲ್ಲಿ 1961ರಿಂದ 1996ರ ವರೆಗೆ ತಯಾರಾದ ಜಾವಾ, ಯೆಜ್ದಿ ಮೋಟಾರ್ ಸೈಕಲ್ಲುಗಳ ಸದ್ದನ್ನು ಕೇಳದವರು ನಮ್ಮ ಪೋಷಕರಲ್ಲಿ ವಿರಳ. ಅವೂ, ಅಂದಿನ ಸ್ಕೂಟರು ಮೊಪೆಡ್ಡುಗಳಲ್ಲಿ ಬಹುಪಾಲೂ ಟೂ ಸ್ಟ್ರೋಕ್ ಎಂಜಿನ್ನಿನವು. ಈಗ ಹೊಸ ವಾಹನಗಳ ಅಂಗಡಿಯಲ್ಲಿ ಅಂಥವು ಕಾಣಸಿಗವು. ನೀಲಿ ಹೊಗೆಯನ್ನು ಬಿಡುತ್ತಿದ್ದುದರಿಂದ ಸರಕಾರವು ಅವನ್ನು ನಿಲ್ಲಿಸಿತೆಂದು ಜನರು ಹೇಳುವುದುಂಟು. ಈ ಮಾತಿನಲ್ಲಿ ಅರ್ಧವೇ ದಿಟ. ಹೊಸ ದ್ವಿಚಕ್ರ ವಾಹನಗಳ ನಿಯಮವು ಎಂಜಿನ್ನಿನ ಜಾತಿಯನ್ನು ನಿಷೇಧಿಸಿಲ್ಲ. ಅದರಿಂದ ಹೊರಬೀಳುವ ಅನಿಲಗಳಿಗೆ ಮಿತಿಯನ್ನು ಮಾತ್ರ ವಿಧಿಸಿದೆ. ಆ ಮಿತಿಯು ಇದಕ್ಕೆ ಏಕೆ ಕಠಿಣವಾಯಿತೆಂಬುದನ್ನು ತಿಳಿಯುವುದು ಮಕ್ಕಳನ್ನು ಸಾಕುವವರಿಗೆ ಉಪಯುಕ್ತ.

ಎಂಜಿನ್ನು ಮಾಡತಕ್ಕ ಕೆಲಸ ನಾಲ್ಕು: ಪೆಟ್ರೋಲು ಬೆರೆತ ಗಾಳಿಯನ್ನು ಒಳಗೆಳೆಯುವುದು, ಒತ್ತುವುದು, ಉರಿಸುವುದು, ಉರಿದ ಅನಿಲವನ್ನು ಹೊರದೂಡುವುದು. ಫೋರ್ ಸ್ಟ್ರೋಕ್ ಎಂಜಿನ್ನು ಒಂದೊಂದಕ್ಕೂ ಪಿಸ್ಟನ್ನಿನ ಒಂದೊಂದು ಚಲನೆಯನ್ನು ಮೀಸಲಿಡುವುದು. ಟೂ ಸ್ಟ್ರೋಕ್ ಎಂಜಿನ್ನಾದರೋ ಎಲ್ಲವನ್ನೂ ಎರಡೇ ಚಲನೆಗಳಲ್ಲಿ ಮುಗಿಸುವುದು. ಆದುದರಿಂದಲೇ ಅದು ಹಗುರ, ಅಗ್ಗ, ಚುರುಕು.

ಆದರೆ ಈ ತ್ವರೆಗೆ ಬೆಲೆಯುಂಟು. ಸಿಲಿಂಡರಿನ ಗೋಡೆಯಲ್ಲಿ ಹೊಸ ಮಿಶ್ರಣವು ಬರುವ ಕಿಂಡಿಯೂ ಹಳೆಯ ಅನಿಲವು ಹೋಗುವ ಕಿಂಡಿಯೂ ಕೆಲಕಾಲ ಒಟ್ಟಿಗೆ ತೆರೆದಿರುವುವು. ಕೊಡವನ್ನು ಬರಿದುಮಾಡದೆ, ಹೊಸ ನೀರನ್ನು ಸುರಿಯುತ್ತಲೇ ಹಳೆಯ ನೀರನ್ನು ತುಳುಕಿಸಿದರೆ ಹೊಸ ನೀರೂ ಕೊಂಚ ಚೆಲ್ಲುವುದಷ್ಟೆ? ಹಾಗೆಯೇ ಇಲ್ಲಿ ಉರಿಯದ ಪೆಟ್ರೋಲು ಹೊರಗೆ ಹಾರಿಹೋಗುವುದು. ಹಳೆಯ ಎಂಜಿನ್ನುಗಳಲ್ಲಿ ಈ ನಷ್ಟವು ಕೆಲವೊಮ್ಮೆ ಮೂರರಲ್ಲೊಂದು ಪಾಲಿಗೂ ಏರುವುದು. ಇನ್ನೊಂದು ದೋಷವು ಎಣ್ಣೆಯದು. ಮಿಶ್ರಣವು ಎಂಜಿನ್ನಿನ ಕೆಳಕೋಣೆಯ ಮೂಲಕವೇ ಹಾದು ಬರುವುದರಿಂದ ಅಲ್ಲಿ ಎಣ್ಣೆಯನ್ನು ಪ್ರತ್ಯೇಕವಾಗಿ ಶೇಖರಿಸಿಡಲಾಗದು. ಅದು ಪೆಟ್ರೋಲಿನೊಡನೆ ಸೇರಿ ಉರಿಯಬೇಕು. ನೀಲಿ ಹೊಗೆ ಇದರ ಫಲ.

ಹೊಗೆಯ ಸೂಕ್ಷ್ಮ ಕಣಗಳು ಶ್ವಾಸಕೋಶವನ್ನು ಸೇರುವುವು. ಕಾಣದ ಪೆಟ್ರೋಲಿನ ಆವಿಯಲ್ಲಿ ಬೆನ್ಸೀನೆಂಬ ವಿಷವಿದೆ. ಬಿಸಿಲಿನಲ್ಲಿ ಆ ಆವಿಯು ಓಜೋನ್ ಹುಟ್ಟುವುದಕ್ಕೂ ಕಾರಣವಾಗುವುದು. ದೇಹದ ತೂಕಕ್ಕೆ ಹೋಲಿಸಿದರೆ ಮಕ್ಕಳು ಹಿರಿಯರಿಗಿಂತ ಹೆಚ್ಚು ಗಾಳಿಯನ್ನು ಸೇವಿಸುವರು. ಆದುದರಿಂದ ಬಾಧೆಯೂ ಅವರಿಗೇ ಅಧಿಕ.

ನಮ್ಮ ದೇಶದಲ್ಲಿ 1996ರ ನಿಯಮವು ಪ್ರತಿ ಕಿಲೋಮೀಟರಿಗೆ ಹೈಡ್ರೋಕಾರ್ಬನ್ ಮತ್ತು ನೈಟ್ರೋಜನ್ ಆಕ್ಸೈಡುಗಳು ಒಟ್ಟು 3.6 ಗ್ರಾಮಿನಷ್ಟಿರಲು ಅವಕಾಶವಿತ್ತಿತು. 2000ರಲ್ಲಿ ಅದು 2 ಗ್ರಾಮಿಗೂ, 2010ರಲ್ಲಿ 1 ಗ್ರಾಮಿಗೂ ಇಳಿಯಿತು. 2020ರ ಭಾರತ್ ಸ್ಟೇಜ್ 6ರಲ್ಲಿ ಹೈಡ್ರೋಕಾರ್ಬನ್ನಿಗೆ 0.1 ಗ್ರಾಮ್ ಮಾತ್ರ.

ಇದಕ್ಕೆ ತಯಾರಕರು ಮೂರು ಉಪಾಯಗಳನ್ನು ಹೂಡಿದರು. ಮೊದಲನೆಯದು, ಕಿಂಡಿಗಳ ಆಕಾರವನ್ನು ತಿದ್ದಿ, ಪೆಟ್ರೋಲಿನ ಅಂಶವನ್ನು ತಗ್ಗಿಸಿ, ಬೇಕಾದಷ್ಟೇ ಎಣ್ಣೆಯನ್ನು ಪಂಪಿನಿಂದ ಉಣಿಸುವುದು. ಎರಡನೆಯದು, ಸೈಲೆನ್ಸರಿನೊಳಗೆ ಕ್ಯಾಟಲಿಟಿಕ್ ಕನ್ವರ್ಟರನ್ನು ಇಡುವುದು. ಜೇನುಹುಟ್ಟಿನಂತಿರುವ ಇದರ ರಂಧ್ರಗಳಿಗೆ ಪ್ಲಾಟಿನಮ್ ಮುಂತಾದ ಲೋಹಗಳ ಲೇಪವಿದ್ದು, ಉರಿಯದೆ ಬಂದುದು ಅಲ್ಲಿ ಉರಿಯುವುದು. ಆದರೆ ಉರಿಯದ ಪೆಟ್ರೋಲು ವಿಪರೀತವಾದರೆ ಅದು ಅತಿಯಾಗಿ ಕಾಯುವುದು. ಎಣ್ಣೆಯ ಬೂದಿಯೂ ಲೇಪವನ್ನು ಮುಚ್ಚುವುದು. ಮೂರನೆಯದೇ ಮೂಲಕ್ಕೆ ಕೈಹಾಕಿದ ಉಪಾಯ: ಸಿಲಿಂಡರನ್ನು ಬರಿಯ ಗಾಳಿಯಿಂದ ತೊಳೆದು, ಹೊರಕಿಂಡಿಯು ಮುಚ್ಚುವ ಹೊತ್ತಿಗೆ ಪೆಟ್ರೋಲನ್ನು ನೇರವಾಗಿ ಸಿಂಪಡಿಸುವುದು. ಇಟಲಿಯ ಏಪ್ರಿಲಿಯಾ ಕಂಪೆನಿಯು 2000ದ ಸುಮಾರಿಗೆ 50 ಸಿ.ಸಿ. ಸ್ಕೂಟರಿನಲ್ಲಿ ಇದನ್ನು ಅಳವಡಿಸಿತು. ಫಿಲಿಪೈನ್ಸಿನ ವಿಗಾನ್ ಪಟ್ಟಣದಲ್ಲಿ ಬಾಡಿಗೆಯ ಹಳೆಯ ಟ್ರೈಸಿಕಲ್ಲುಗಳಿಗೂ ಇದನ್ನು ಜೋಡಿಸಿದರು. ಮಾಲಿನ್ಯ ಬಹಳ ತಗ್ಗಿದುದಲ್ಲದೆ, ಇಂಧನದ ಖರ್ಚೂ ಸುಮಾರು ಮೂರರಲ್ಲೊಂದು ಪಾಲು ಇಳಿಯಿತು. ಬಡ ಚಾಲಕನಿಗೆ ಇದು ಅಲ್ಪ ಲಾಭವಲ್ಲ.

ಹೀಗಿರಲು ಟೂ ಸ್ಟ್ರೋಕ್ ಎಂಜಿನ್ನನ್ನು ತಿದ್ದಲಾಗದೆಂಬುದು ಸರಿಯಲ್ಲ. ಆದರೆ ಈ ಸಲಕರಣೆಗಳೆಲ್ಲ ಸೇರಿದರೆ ಅದರ ಸರಳತೆಯೂ ಅಗ್ಗದ ಬೆಲೆಯೂ ಉಳಿಯವು. ಆದುದರಿಂದ ಸಣ್ಣ ವಾಹನಗಳ ತಯಾರಕರು ಫೋರ್ ಸ್ಟ್ರೋಕನ್ನೇ ಆರಿಸಿಕೊಂಡರು, ಟಿ.ವಿ.ಎಸ್. ಮೊಪೆಡ್ಡಿಗೂ 2015ರಲ್ಲಿ ಅಂಥ ಎಂಜಿನ್ನು ಬಂದಿತು.

ಹಳೆಯ ವಾಹನವನ್ನು ಅಕ್ಕರೆಯಿಂದ ಇಟ್ಟುಕೊಂಡಿರುವ ಮನೆಯವರಲ್ಲಿ ನಮ್ಮ ಅರಿಕೆ ಇಷ್ಟು. ತಯಾರಕರು ಹೇಳಿದ ಪ್ರಮಾಣದಲ್ಲಿಯೇ ಕಡಿಮೆ ಹೊಗೆಯ ಟೂ-ಟಿ ಆಯಿಲನ್ನು ಹಾಕಿರಿ. ಹೆಚ್ಚು ಎಣ್ಣೆಯಿಂದ ಹೊಗೆ ಹೆಚ್ಚುವುದು. ಕಾರ್ಬ್ಯುರೇಟರನ್ನೂ ಸೈಲೆನ್ಸರನ್ನೂ ಶುಚಿಮಾಡಿಸಿರಿ. ಹೊಗೆ ತಪಾಸಣೆಯನ್ನು ತಪ್ಪಿಸಬೇಡಿರಿ. ಹೊಗೆ ಕಾಣದಿದ್ದ ಮಾತ್ರಕ್ಕೆ ಗಾಳಿಯು ನಿರ್ಮಲವೆಂದು ತಿಳಿಯಕೂಡದು. ಶಾಲೆಯ ಬಾಗಿಲಲ್ಲಿ ಮಗಳಿಗಾಗಿ ಕಾಯುವಾಗ ಎಂಜಿನ್ನನ್ನು ಆರಿಸಿರಿ. ಅಲ್ಲಿ ನಿಂತಿರುವ ಇತರರ ಮಕ್ಕಳೂ ಅದೇ ಗಾಳಿಯನ್ನು ಉಸಿರಾಡುವರು.