ಅಟ್ಟದ ಮೇಲಿನ ಕೂರಿಗೆಗೂ ಒಂದು ಚರಿತ್ರೆಯಿದೆ

ವಿಶಾಖಪಟ್ಟಣ, ವಿಜಯವಾಡಗಳಲ್ಲಿ ನೆಲೆಸಿರುವ ಅನೇಕ ಕನ್ನಡಿಗರಿಗೆ ಊರಿನಲ್ಲಿ ಇನ್ನೂ ಹಿರಿಯರ ಮನೆಯಿದೆ. ಆಸ್ತಿ ಪಾಲಾಗುವಾಗ ಜಮೀನಿನ ಲೆಕ್ಕ ಗುಂಟೆಯವರೆಗೂ ನಡೆಯುತ್ತದೆ. ತೊಟ್ಟಿಮನೆಯ ಕಂಬ, ತೊಲೆಗಳು ಮರದ ವ್ಯಾಪಾರಿಗಳ ಪಾಲಾಗುತ್ತವೆ. ಅಟ್ಟದಲ್ಲಿದ್ದ ನೊಗ, ಕುಂಟೆ, ಕೂರಿಗೆಗಳು ಬಚ್ಚಲೊಲೆ ಸೇರುತ್ತವೆ.

ಇದನ್ನು ತಡೆಯಲು ಹೊರಟ ಇಬ್ಬರು ಮಹನೀಯರನ್ನು ಇಲ್ಲಿ ನೆನೆಯಬೇಕು. ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು (1915-2005) 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು. 1994ರಲ್ಲಿ ರಾಮನಗರದ ಬಳಿ 15 ಎಕರೆಯಲ್ಲಿ ಜಾನಪದ ಲೋಕ ತೆರೆದು, ಬೇಸಾಯದ ಸಲಕರಣೆಗಳಿಗೂ ಅಲ್ಲಿ ಗೌರವದ ಸ್ಥಾನ ಕೊಟ್ಟರು. 2017ರಲ್ಲಿ ನಿಧನರಾದ ವಿಜಯನಾಥ ಶೆಣೈ ಅವರು 1816ರ ಕುಂಜೂರು ಚೌಕಿ ಮನೆಯನ್ನು ಬಿಚ್ಚಿ ತಂದು ಮಣಿಪಾಲದಲ್ಲಿ ಮರುಜೋಡಿಸಿದರು.

ವಸ್ತು ಉಳಿದರೆ ಸಾಲದು, ಅದರ ಹೆಸರು ಮತ್ತು ಬಳಕೆಯೂ ಉಳಿಯಬೇಕು. ರಾಗಿ ಬಿತ್ತುವ ಕೂರಿಗೆಯನ್ನೇ ನೋಡಿ. ಬಟ್ಟಲಿಗೆ ಬೆರಳಸಂದಿಯಿಂದ ಬಿಟ್ಟ ಬೀಜ ಬಿದಿರಿನ ಕೊಳವೆಗಳಲ್ಲಿಳಿದು ಹಲವು ಸಾಲುಗಳಲ್ಲಿ ಒಮ್ಮೆಗೇ ಬೀಳುತ್ತದೆ. ಅದರ ಹಿಂದೆ ಎಳೆದೊಯ್ಯುವ ಒಂಟಿ ಕೊಳವೆ ಸಡ್ಡೆ. ಅವರೆ, ತೊಗರಿಯ ಅಕ್ಕಡಿ ಸಾಲಿಗೆ ಬೇಕಾದದ್ದು. ಬಿತ್ತಿದ ಕೈಗಳು ಇಲ್ಲವಾದ ಮೇಲೆ ಆ ಸಡ್ಡೆ ಬರೀ ಬಿದಿರಿನ ತುಂಡು. ಮೊದಲು ಒಲೆಗೆ ಹೋಗುವುದೂ ಅದೇ.

ಈ ಕೂರಿಗೆ ತೆಲುಗರಿಗೂ ಹೊಸದಲ್ಲ. ಅವರು ಇದನ್ನು ಗೊರ್ರು ಎನ್ನುತ್ತಾರೆ. ಸಾಲು ಬಿತ್ತನೆಯ ಯಂತ್ರ ಯುರೋಪಿನ ಹೊಸ ಶೋಧ ಎಂದುಕೊಂಡಿದ್ದ ಕ್ಯಾಪ್ಟನ್ ಥಾಮಸ್ ಹಾಲ್ಕಾಟ್, ದಕ್ಷಿಣ ಭಾರತದ ಹೊಲದಲ್ಲಿ ಅದು ಕೆಲಸ ಮಾಡುವುದನ್ನು ಕಂಡು ಅಚ್ಚರಿಪಟ್ಟು 1790ರ ದಶಕದಲ್ಲಿ ಬ್ರಿಟನ್ನಿನ ಕೃಷಿ ಮಂಡಳಿಗೆ ಬರೆದ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂಡ ಕೂರಿಗೆಯನ್ನು ವಿವರವಾಗಿ ದಾಖಲಿಸಿದ್ದಾನೆ.

ಪರದೇಶದವರು ಅಷ್ಟು ಶ್ರದ್ಧೆಯಿಂದ ಬರೆದಿಟ್ಟದ್ದನ್ನು ಮನೆಮಕ್ಕಳು ಬರೆದಿಡಲು ಹೆಚ್ಚು ಖರ್ಚೇನಿಲ್ಲ. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಸಲಕರಣೆಗಳನ್ನು ಅಟ್ಟದಿಂದಿಳಿಸಿ ಫೋಟೋ ತೆಗೆಯಬಹುದು. ಅಜ್ಜ, ಅಜ್ಜಿ, ಹಳೆಯ ಆಳುಮಕ್ಕಳಿಂದ ಒಂದೊಂದು ಭಾಗದ ಹೆಸರನ್ನು ಅವರ ಮಾತಿನಲ್ಲೇ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಬಹುದು. ಮರದ ವಸ್ತುಗಳನ್ನು ಗೆದ್ದಲು ಹತ್ತದಂತೆ ನೆಲದಿಂದ ಎತ್ತರಿಸಿ ಇಡಬೇಕು. ಕಬ್ಬಿಣಕ್ಕೆ ತೆಳುವಾಗಿ ಎಣ್ಣೆ ಸವರಬೇಕು. ಬಣ್ಣ, ವಾರ್ನಿಷ್ ಬಳಿದರೆ ಕೈಹಿಡಿದು ಸವೆದ ಗುರುತುಗಳೇ ಮರೆಯಾಗುತ್ತವೆ. ಮನೆ ಪಾಲಾಗುವ ಮುನ್ನ ಈ ವಸ್ತುಗಳಿಗೊಂದು ಕೋಣೆಯನ್ನು ಎಲ್ಲರೂ ಒಪ್ಪಿ ಬಿಟ್ಟುಕೊಟ್ಟರೆ ಇನ್ನೂ ಒಳಿತು.

ನವೆಂಬರ್ 1 ಕನ್ನಡ ರಾಜ್ಯೋತ್ಸವದ ದಿನ. 1956ರಲ್ಲಿ ಆಂಧ್ರಪ್ರದೇಶ ಹುಟ್ಟಿದ ದಿನವೂ ಹೌದು. ಅಂದು ಎರಡೂ ನಗರಗಳ ಕನ್ನಡ ಸಂಘಗಳು ಕೂರಿಗೆ, ಗೊರ್ರುಗಳ ಚಿತ್ರಗಳನ್ನು ಅಕ್ಕಪಕ್ಕ ತೂಗುಹಾಕಿದರೆ, ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಎರಡು ನಾಡುಗಳ ಹೊಲವೂ ಪರಿಚಯವಾದೀತು.