ಹಕ್ಕಿನೋಟದ ಹಿಗ್ಗು

ಹಕ್ಕಿಗಳು ಕಣ್ಣಿಗೆ ಬೀಳದ ಮನುಷ್ಯನಿಲ್ಲ. ಆದರೆ ಅವುಗಳನ್ನು ನಿಂತು ನೋಡಿದವರು ವಿರಳ. ಪಕ್ಷಿವೀಕ್ಷಣೆಯೆಂದರೆ ದಟ್ಟವಾದ ಕಾಡು, ಬೆಲೆಬಾಳುವ ದುರ್ಬೀನು, ದೂರದ ಪ್ರಯಾಣ ಎಂಬ ಭಾವನೆ ಅನೇಕರಲ್ಲಿದೆ. ಶಹಾಪುರ ತಾಲ್ಲೂಕಿನ ದೋರನಹಳ್ಳಿಯಂತಹ ಎರೆನೆಲದ ಊರಿನಲ್ಲಿ ನೋಡತಕ್ಕದ್ದೇನಿದೆ ಎಂಬ ಪ್ರಶ್ನೆಯೂ ಅದರಿಂದಲೇ ಹುಟ್ಟುತ್ತದೆ. ವಾಸ್ತವವಾಗಿ ಹೊಲದ ಬದು, ಕಾಲುವೆಯ ದಂಡೆ, ಜಾಲಿಯ ಗಿಡ, ವಿದ್ಯುತ್ ತಂತಿ, ಶಾಲೆಯ ಅಂಗಳದ ಬೇವಿನ ಮರ ಇವೆಲ್ಲವೂ ಹಕ್ಕಿಗಳ ನೆಲೆಗಳೇ ಆಗಿವೆ.

ಈ ಹವ್ಯಾಸದ ಮೊದಲ ಗುಟ್ಟು ವೇಳೆ. ಸೂರ್ಯೋದಯದ ನಂತರದ ಎರಡು ತಾಸು ಹಾಗೂ ಸಂಜೆಯ ತಂಪು ಹೊತ್ತು ಹಕ್ಕಿಗಳು ಚುರುಕಾಗಿರುವ ಸಮಯ. ಸೂರ್ಯನು ನೋಡುವವನ ಬೆನ್ನಿಗಿದ್ದರೆ ಗರಿಗಳ ಬಣ್ಣ ಸ್ಪಷ್ಟವಾಗಿ ಕಾಣುತ್ತದೆ. ಎದುರಿಗಿದ್ದರೆ ಎಲ್ಲ ಹಕ್ಕಿಗಳೂ ಕಪ್ಪು ನೆರಳುಗಳೇ. ಎರಡನೆಯ ಗುಟ್ಟು ತಾಳ್ಮೆ. ಹತ್ತು ಮೈಲಿ ಸುತ್ತಾಡುವುದಕ್ಕಿಂತ ಒಂದೇ ಕಡೆ ಅರ್ಧ ತಾಸು ಅಲುಗದೆ ಕುಳಿತರೆ ದೊರೆಯುವ ನೋಟ ಹೆಚ್ಚು. ಮೊದಲು ಬೆದರಿ ಹಾರಿದ ಹಕ್ಕಿಗಳು ಸ್ವಲ್ಪ ಹೊತ್ತಿನಲ್ಲಿಯೇ ಮರಳಿ ತಮ್ಮ ಕೆಲಸದಲ್ಲಿ ತೊಡಗುತ್ತವೆ.

ಕಿವಿಯೂ ಕಣ್ಣಿನಷ್ಟೇ ಮುಖ್ಯವಾದುದು. ಬೇಸಗೆಯಲ್ಲಿ ಕೇಳಿಬರುವ ಏರುದನಿಯ 'ಕುಹೂ' ಕಪ್ಪು ಮೈಯ ಗಂಡು ಕೋಗಿಲೆಯದು. ಕಂದು ಮೈಮೇಲೆ ಬಿಳಿಯ ಚುಕ್ಕೆಗಳುಳ್ಳ ಹೆಣ್ಣು 'ಕಿಕ್ ಕಿಕ್' ಎಂದು ಚೀರುತ್ತದೆಯೇ ಹೊರತು ಹಾಗೆ ಹಾಡುವುದಿಲ್ಲ. ಇಷ್ಟನ್ನು ಅರಿತವನಿಗೆ ಅದೇ ಹಳೆಯ ಕೂಗು ಹೊಸದಾಗಿ ಕೇಳಿಸುತ್ತದೆ.

ಹಕ್ಕಿಯ ಹೆಸರನ್ನು ತಿಳಿಯುವುದು ಆರಂಭ ಮಾತ್ರ. ಅದರ ಬಾಳುವೆಯನ್ನು ತಿಳಿಯುವುದರಲ್ಲಿ ನಿಜವಾದ ಆನಂದವಿದೆ. ಮಳೆಗಾಲದಲ್ಲಿ ಬಾವಿಯ ಮೇಲೆ ಬಾಗಿದ ಕೊಂಬೆಗಳಲ್ಲಿ ತೂಗುವ ಗೀಜಗನ ಗೂಡನ್ನು ಎಲ್ಲರೂ ಬಲ್ಲರು. ಅದನ್ನು ನೇಯುವುದು ಗಂಡು. ಗೂಡು ಅರ್ಧವಾದಾಗ ಹೆಣ್ಣು ಬಂದು ಪರೀಕ್ಷಿಸುತ್ತದೆ. ಅದು ಒಪ್ಪಿದರೆ ಮಾತ್ರ ಗಂಡು ಕೊಳವೆಯ ಬಾಗಿಲನ್ನು ಪೂರ್ತಿಗೊಳಿಸುತ್ತದೆ. ಒಪ್ಪದಿದ್ದರೆ ಆ ಗೂಡು ಅರೆಯಾಗಿಯೇ ಉಳಿಯಬಹುದು. ಒಂದು ವಾರ ಒಂದೇ ಮರವನ್ನು ಗಮನಿಸಿದ ವಿದ್ಯಾರ್ಥಿಗೆ ಈ ಕಥೆಯೆಲ್ಲವೂ ಕಣ್ಣೆದುರಿಗೇ ನಡೆಯುತ್ತದೆ.

ದುರ್ಬೀನು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕೊರತೆಯಿಲ್ಲ. ಕೊಳ್ಳುವವರು ಅದರ ಮೇಲಿನ ಅಂಕಿಗಳ ಅರ್ಥವನ್ನು ತಿಳಿದಿರಬೇಕು. 8×40 ಎಂದರೆ ನೋಟವು ಎಂಟು ಪಟ್ಟು ಹಿಗ್ಗುತ್ತದೆ, ಮುಂದಿನ ಮಸೂರದ ಅಗಲ 40 ಮಿಲಿಮೀಟರ್ ಎಂದು ಅರ್ಥ. ಪಟ್ಟು ಹೆಚ್ಚಾದಷ್ಟೂ ಕೈಯ ನಡುಕವೂ ಹಿಗ್ಗಿ ಕಾಣುವುದರಿಂದ ಹೊಸಬರಿಗೆ ಎಂಟೇ ಸಾಕು.

ಚಳಿಗಾಲವು ಬಂದಿತೆಂದರೆ ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಒಮ್ಮೆ ಹೋಗಿಬರತಕ್ಕದ್ದು. ಹತ್ತೊಂಬತ್ತನೆಯ ಶತಮಾನದ ನಡುವೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಈ ಕೆರೆಯನ್ನು ಪ್ರಸ್ತಾಪಿಸಿದ್ದಾನೆ. ಇಂದು ಅದು ಪಕ್ಷಿಧಾಮವಾಗಿದೆ. ಕೊಕ್ಕರೆ, ಬಾತು, ಕೆಂಬರಲುಗಳ ಜೊತೆಗೆ ಪಟ್ಟೆತಲೆ ಹೆಬ್ಬಾತುಗಳೂ ಅಲ್ಲಿ ಕಾಣಸಿಗುತ್ತವೆ. ಮಂಗೋಲಿಯ, ಟಿಬೆಟ್ ಮುಂತಾದ ಎತ್ತರದ ಸೀಮೆಗಳಲ್ಲಿ ಮರಿಮಾಡುವ ಈ ಹಕ್ಕಿಗಳು ಹಿಮಾಲಯವನ್ನು ದಾಟಿ ನಮ್ಮ ನಾಡಿನ ಕೆರೆಗಳಿಗೆ ಇಳಿಯುತ್ತವೆ. ಭೂಗೋಳದ ಪಾಠಕ್ಕೆ ಇದಕ್ಕಿಂತ ಜೀವಂತವಾದ ಉದಾಹರಣೆ ಬೇಕಿಲ್ಲ.

ಈ ಆನಂದವನ್ನು ಕಾಪಾಡಿಕೊಳ್ಳುವ ಸಾಧನ ಒಂದು ಸಾಮಾನ್ಯ ನೋಟುಪುಸ್ತಕ. ದಿನ, ವೇಳೆ, ಸ್ಥಳ, ಕಂಡ ಹಕ್ಕಿ, ಅದರ ಸಂಖ್ಯೆ, ಅದು ಮಾಡುತ್ತಿದ್ದ ಕೆಲಸ ಇಷ್ಟನ್ನು ಬರೆದಿಟ್ಟರೆ ಸಾಕು. ನಮ್ಮ ಭಾಗವು ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲದಲ್ಲಿ, 1931-32ರಲ್ಲಿ, ಡಾ. ಸಲೀಂ ಅಲಿಯವರು ಆ ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ನಡೆಸಿದರು. ಅಂದು ಒಬ್ಬ ಪರಿಣತನ ಕೈಯಲ್ಲಿದ್ದ ಕೆಲಸವು ಇಂದು ಸಾಮಾನ್ಯರ ಕೈಗೂ ಬಂದಿದೆ. 2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿಯು ಸುಮಾರು 30,000 ವೀಕ್ಷಕರು ಬರೆದಿಟ್ಟ ಮೂರು ಕೋಟಿಯಷ್ಟು ದಾಖಲೆಗಳನ್ನು ಆಧರಿಸಿ, 942 ಜಾತಿಯ ಹಕ್ಕಿಗಳನ್ನು ಪರಿಶೀಲಿಸಿತು.

ಆ ವರದಿಯ ಒಂದು ಮಾತು ಕನ್ನಡಿಗರ ಮನಸ್ಸನ್ನು ಕಲಕುವಂಥದು. ಕರ್ನಾಟಕದ ರಾಜ್ಯಪಕ್ಷಿಯಾದ ನೀಲಕಂಠದ ಸಂಖ್ಯೆ ಸುಮಾರು ಹನ್ನೆರಡು ವರ್ಷಗಳಲ್ಲಿ ಶೇಕಡಾ 30ರಷ್ಟು ಕುಗ್ಗಿದೆ. ಹೆಸರು ನೀಲಕಂಠವಾದರೂ ಅದರ ಕಂಠ ನೀಲಿಯಲ್ಲ. ತಂತಿಯ ಮೇಲೆ ಮಸುಕಾಗಿ ಕುಳಿತ ಹಕ್ಕಿ ರೆಕ್ಕೆ ಬಿಚ್ಚಿದಾಗ ಮಾತ್ರ ಆ ನೀಲಿಯ ಬೆರಗು ತೆರೆದುಕೊಳ್ಳುತ್ತದೆ. ಮಿಡತೆ, ಜೀರುಂಡೆಗಳನ್ನು ತಿನ್ನುವ ಅದು ರೈತನ ನೆರೆಯವನು. ಮುದಿಮರದ ಪೊಟರೆ ಅದರ ಮನೆ. ಹೊಲದ ವಿಷದಿಂದ ಕೀಟಗಳು ಸತ್ತು, ಪೊಟರೆಯ ಮರಗಳು ಕೊಡಲಿಗೆ ಬಿದ್ದರೆ ಅದಕ್ಕೆ ಉಣ್ಣಲೂ ಇಲ್ಲ, ಇರಲೂ ಇಲ್ಲ. ಎರೆನೆಲದ ಹೆಮ್ಮೆಯಾಗಿದ್ದ ಎರೆಭೂತ ಹಕ್ಕಿ ಇಂದು ರಾಜ್ಯದಲ್ಲಿ ಸಿರುಗುಪ್ಪದ ಸುತ್ತಿನಲ್ಲಿ ಬೆರಳೆಣಿಕೆಯಷ್ಟೇ ಉಳಿದಿದೆ. ಒಂದು ಹಕ್ಕಿ ಹೇಗೆ ಕಣ್ಮರೆಯಾಗುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದುದರಿಂದ ನೋಟದ ಸುಖದ ಜೊತೆಗೆ ಸಂಯಮವೂ ಇರಬೇಕು. ಗೂಡಿನ ಬಳಿ ಸುಳಿಯಬಾರದು. ಬಯಲಿನಲ್ಲಿ ಟಿಟ್ಟಿಭವು ಚೀರುತ್ತ ತಲೆಯ ಮೇಲೆ ಸುತ್ತಿದರೆ ಸಮೀಪದಲ್ಲಿಯೇ ನೆಲದ ಮೇಲೆ ಅದರ ಮೊಟ್ಟೆಗಳಿರಬಹುದೆಂದು ತಿಳಿದು ಹಿಂದಕ್ಕೆ ಸರಿಯಬೇಕು. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನ ಜನ ತಮ್ಮ ಮನೆಯಂಗಳದ ಮರಗಳಲ್ಲಿ ಗೂಡುಕಟ್ಟುವ ಹೆಜ್ಜಾರ್ಲೆಗಳನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ಊರು ಮನಸ್ಸು ಮಾಡಿದರೆ ಏನು ಸಾಧ್ಯವೆಂಬುದಕ್ಕೆ ಅದೇ ನಿದರ್ಶನ.

ಪ್ರತಿ ವರ್ಷವೂ ವಿದ್ಯಾರ್ಥಿಗಳು ತಮ್ಮ ಶಾಲೆಯ ಸುತ್ತಣ ಹಕ್ಕಿಗಳ ಪಟ್ಟಿಯನ್ನು ಬರೆದು ಮುಂದಿನ ತರಗತಿಯವರಿಗೆ ಒಪ್ಪಿಸಿದರೆ, ಕೆಲವೇ ವರ್ಷಗಳಲ್ಲಿ ಅದು ಊರಿನ ಅಮೂಲ್ಯವಾದ ದಾಖಲೆಯಾಗುತ್ತದೆ. ಹಳೆಯ ವಿದ್ಯಾರ್ಥಿಯೊಬ್ಬನು ಮರಳಿ ಬಂದಾಗ ತಾನು ಬರೆದ ನೀಲಕಂಠವು ಇನ್ನೂ ಅದೇ ತಂತಿಯ ಮೇಲಿದೆಯೇ ಎಂದು ನೋಡಬಹುದು. ಅದು ಅಲ್ಲಿಯೇ ಇದ್ದರೆ, ಅಂದಿನ ಹಿಗ್ಗಿಗೆ ಸರಿಸಾಟಿಯಾದುದು ಬೇರೊಂದಿಲ್ಲ.