ಅರಗಿನ ಮನೆಯಿಂದ ಹೊರಬಿದ್ದ ಹಾಡು

ಅಜ್ಜನ ಟ್ರಂಕಿನಲ್ಲಿ ಸಿಕ್ಕ ಹದಿನಾಲ್ಕು ಗ್ರಾಮಫೋನ್ ಪ್ಲೇಟುಗಳನ್ನು ಹೊತ್ತು, ಡಿಜಿಟಲ್ ಮಾಡಿಸಲೆಂದು ಮೈಸೂರಿನ ರೇಡಿಯೋ ರಾಯರ ಮನೆಗೆ ಹೋದಾಗ ನನ್ನ ಚೀಲದಲ್ಲಿ ಒಂದು ಬಾಟಲಿ ಸ್ಪಿರಿಟ್ಟೂ ಇತ್ತು. ಪ್ಲೇಟುಗಳ ಮೇಲೆ ನಲವತ್ತು ವರ್ಷದ ದೂಳು, ಅಲ್ಲಲ್ಲಿ ಬೂಷ್ಟು. ಒರೆಸಿ ಕೊಟ್ಟರೆ ಅವರಿಗೆ ಕೆಲಸ ಸುಲಭವಾದೀತೆಂದು ಹತ್ತಿಯನ್ನು ಸ್ಪಿರಿಟ್ಟಿಗೆ ಅದ್ದುವಷ್ಟರಲ್ಲಿ ರಾಯರು ನನ್ನ ಕೈ ಹಿಡಿದುಬಿಟ್ಟರು. “ಅಯ್ಯೋ, ನಿಲ್ಸಿ ಸ್ವಾಮಿ! ಹಾಡೇ ಕರಗಿಹೋಗತ್ತೆ.”

ಅದು ಅಕ್ಷರಶಃ ನಿಜ. ನಿಮಿಷಕ್ಕೆ 78 ಸುತ್ತು ತಿರುಗುವ ಆ ಕರಿಯ ಪ್ಲೇಟಿನ ಜೀವಾಳ ಅರಗು. ಅರಗು ನೀರಿಗೆ ಜಗ್ಗುವುದಿಲ್ಲ, ಸ್ಪಿರಿಟ್ಟಿಗೆ ಕರಗುತ್ತದೆ. ಬಡಗಿಗಳು ಕುರ್ಚಿ ಮೇಜಿಗೆ ಹೊಡೆಯುವ ಹಳೆಯ ಕಾಲದ ಪಾಲಿಶ್ ಎಂದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗೇ. ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಿಡಿಸುವುದೂ ಅದೇ, ದುರ್ಯೋಧನ ಪಾಂಡವರಿಗಾಗಿ ಕಟ್ಟಿಸಿದ ಮನೆಯೂ ಅದರದೇ. ಮುತ್ತುಗ, ಬೋರೆಯಂಥ ಮರಗಳ ಎಳೆಕೊಂಬೆಗೆ ಅಂಟಿಕೊಂಡು ರಸ ಹೀರುವ ಪುಟ್ಟ ಕೀಟವೊಂದು ತನ್ನ ಮೈ ಮುಚ್ಚಿಕೊಳ್ಳಲು ಸುರಿಸುವ ಅಂಟು ಇದು. ಅದಕ್ಕೆ ಕಲ್ಲಿನ ಪುಡಿ, ಮಸಿ ಬೆರೆಸಿ, ಬಿಸಿಯಲ್ಲಿ ಕಲಸಿ, ಅಚ್ಚಿಗೆ ಒತ್ತಿದರೆ ಪ್ಲೇಟು ಸಿದ್ಧ. ಅರ್ಧ ಶತಮಾನದ ಕಾಲ ಲೋಕದ ಸಂಗೀತವೆಲ್ಲ ಒಂದು ಹುಳುವಿನ ಮನೆಯಲ್ಲಿ ವಾಸವಾಗಿತ್ತು. ನಮ್ಮ ದೇಶದಲ್ಲಂತೂ 1960ರ ದಶಕದವರೆಗೂ ಅರಗಿನ ಪ್ಲೇಟುಗಳು ಬರುತ್ತಲೇ ಇದ್ದವು.

ಆ ಮನೆಯೊಳಗೆ ಹಾಡು ಹೊಕ್ಕ ಬಗೆ ಸರಳ. ವಿದ್ಯುತ್ತಿನಿಂದ ಧ್ವನಿಮುದ್ರಣ ಶುರುವಾದದ್ದು 1925ರಲ್ಲಿ. ಅದಕ್ಕೂ ಮೊದಲು ಮುದ್ರಣಕ್ಕೆ ಮೈಕು ಬಳಸುತ್ತಿರಲಿಲ್ಲ. ಹಾಡುವವರು ದೊಡ್ಡ ಕಹಳೆಯ ಬಾಯಿಗೆ ಮುಖ ಕೊಟ್ಟು ಗಂಟಲೆತ್ತಿ ಹಾಡಬೇಕು. ಕಹಳೆಯ ಕಿರಿದಾದ ತುದಿಯಲ್ಲಿ ಒಂದು ತೆಳು ಪೊರೆ, ಪೊರೆಗೆ ಒಂದು ಮುಳ್ಳು, ಮುಳ್ಳಿನ ಕೆಳಗೆ ತಿರುಗುವ ಮೇಣದ ಬಿಲ್ಲೆ. ಗಾಳಿ ನಡುಗಿದಂತೆ ಪೊರೆ ನಡುಗುತ್ತದೆ, ಮುಳ್ಳು ಎಡಬಲಕ್ಕೆ ತುಯ್ದು ಮೇಣದ ಮೇಲೆ ಅಂಕುಡೊಂಕಿನ ಗೆರೆ ಕೊರೆಯುತ್ತದೆ. ಆ ಮೇಣದಿಂದ ಲೋಹದ ಅಚ್ಚು, ಅಚ್ಚಿನಿಂದ ಸಾವಿರಾರು ಅರಗಿನ ಪ್ಲೇಟು. ಹತ್ತು ಇಂಚಿನ ಪ್ಲೇಟಿನ ಒಂದು ಮಗ್ಗುಲಿನ ಗೆರೆಯನ್ನು ಬಿಡಿಸಿ ನೇರ ಮಾಡಿದರೆ ನೂರು ಮೀಟರಿಗೂ ಮಿಗಿಲು. ಹಾಡು ಮಾತ್ರ ಮೂರೇ ನಿಮಿಷ. ರಾತ್ರಿಯಿಡೀ ಹಿಗ್ಗಿಸಬಹುದಾದ ರಾಗವನ್ನು ಮೂರು ನಿಮಿಷಕ್ಕೆ ಮಡಚಿಡುವ ವಿದ್ಯೆಯನ್ನು ನಮ್ಮ ಗಾಯಕರು ಕಲಿತದ್ದು ಈ ಗೆರೆಯ ದೆಸೆಯಿಂದ.

ಆ ವಿದ್ಯೆಯ ಮೊದಲಿಗರಲ್ಲೊಬ್ಬರು ಗೌಹರ್ ಜಾನ್. 1902ರ ನವೆಂಬರಿನಲ್ಲಿ ಕಲ್ಕತ್ತದಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಆಕೆಯ ದನಿಯನ್ನು ಮೇಣಕ್ಕಿಳಿಸಿದ. ಹಾಡು ಮುಗಿಯುತ್ತಲೇ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಕೂಗಿ ಹೇಳುತ್ತಿದ್ದರು. ಅದು ಬಿಂಕವೆಂದು ನಾನು ಬಹಳ ಕಾಲ ತಿಳಿದಿದ್ದೆ. ಮೇಣದ ಬಿಲ್ಲೆಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಅಲ್ಲಿ ಪ್ಲೇಟಾಗಬೇಕಿತ್ತು. ಯಾವ ಬಿಲ್ಲೆ ಯಾರದೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಲು ಇದ್ದ ದಾರಿ ಅದು. ಇವತ್ತಿನ ಹಾಡಿನ ಫೈಲಿಗೆ ಹೆಸರು, ಗಾಯಕರು, ವರ್ಷ ಎಂದು ಚೀಟಿ ಅಂಟಿಸುತ್ತೇವಲ್ಲ, ಆಕೆ ಆ ಚೀಟಿಯನ್ನು ಹಾಡಿನೊಳಗೇ ಅಂಟಿಸಿಬಿಟ್ಟಿದ್ದರು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದ ಗೌಹರ್ ಜಾನ್ 1930ರ ಜನವರಿ 17ರಂದು ಇದೇ ಮೈಸೂರಿನಲ್ಲಿ ತೀರಿಕೊಂಡರು.

ಪ್ಲೇಟಿಗೆ ಒಂದು ಶಾಪವಿದೆ. ಕೇಳಿದಷ್ಟೂ ಅದು ಸವೆಯುತ್ತದೆ. ಅರಗಿಗೆ ಕಲ್ಲಿನ ಪುಡಿ ಬೆರೆಸಿದ್ದು ಗಟ್ಟಿತನಕ್ಕೆ ಮಾತ್ರವಲ್ಲ, ಮೊದಲ ಕೆಲವು ಸುತ್ತಿನಲ್ಲೇ ಉಕ್ಕಿನ ಮುಳ್ಳನ್ನು ಮಸೆದು ಗೆರೆಯ ಆಕಾರಕ್ಕೆ ತರುವುದಕ್ಕೂ ಹೌದು. ಹಾಗಾಗಿ ಪ್ರತಿ ಮಗ್ಗುಲಿಗೂ ಹೊಸ ಮುಳ್ಳು ಹಾಕಬೇಕು. ಜಿಪುಣರು ಹಾಕುತ್ತಿರಲಿಲ್ಲ. ನಮ್ಮಜ್ಜ ಆ ಪೈಕಿಯೇ ಎಂಬುದಕ್ಕೆ ರಾಯರ ಭೂತಗನ್ನಡಿಯ ಕೆಳಗೆ ಸಾಕ್ಷಿ ಸಿಕ್ಕಿತು. ಅವರಿಗೆ ತುಂಬ ಇಷ್ಟವಾದ ಹಾಡಿನ ಗೆರೆಗಳು ಬೆಳ್ಳಗಾಗಿದ್ದವು, ಇಷ್ಟವಿಲ್ಲದವು ಕರ್ರಗೆ ಹೊಳೆಯುತ್ತಿದ್ದವು.

ಡಿಜಿಟಲ್ ಮಾಡುವುದೆಂದರೆ ಪ್ಲೇಟು ತಿರುಗಿಸಿ, ತಂತಿ ಸಿಕ್ಕಿಸಿ, ಗುಂಡಿ ಒತ್ತುವುದೆಂದು ತಿಳಿದು ಹೋಗಿದ್ದೆ. ರಾಯರ ಡಬ್ಬಿಯಲ್ಲಿ ಒಂದೊಂದು ದಪ್ಪದ ಆರು ಮುಳ್ಳುಗಳಿದ್ದವು. ಈ ಪ್ಲೇಟಿನ ಗೆರೆ ಮುಂದೆ ಬಂದ ಎಲ್‌ಪಿ ಪ್ಲೇಟಿನದಕ್ಕಿಂತ ಸುಮಾರು ಮೂರು ಪಟ್ಟು ಅಗಲ. ಹಳೆಯ ಮುಳ್ಳು ಗೋಡೆಯ ಒಂದೇ ಎತ್ತರದಲ್ಲಿ ಓಡಾಡಿ ಅಲ್ಲಷ್ಟೇ ಸವೆಸಿರುತ್ತದೆ. ಸ್ವಲ್ಪ ದಪ್ಪದ ಮುಳ್ಳು ಹಾಕಿದರೆ ಅದು ಮೇಲುಗೋಡೆಯಲ್ಲಿ, ಯಾರೂ ನಡೆಯದ ಜಾಗದಲ್ಲಿ ನಡೆಯುತ್ತದೆ. ಎರಡನೇ ಮುಳ್ಳಿನಲ್ಲಿ ಬರೀ ಕರಕರ ಎನ್ನುತ್ತಿದ್ದ ಪ್ಲೇಟು ನಾಲ್ಕನೇ ಮುಳ್ಳಿಗೆ ಬಾಯಿಬಿಟ್ಟು ಹಾಡಿತು.

ಆಮೇಲೆ ವೇಗ. 78 ಎಂಬುದು ನಿಂತ ಸಂಖ್ಯೆಯಾಗುವ ಮೊದಲು ಒಬ್ಬೊಬ್ಬರು ಒಂದೊಂದು ವೇಗದಲ್ಲಿ ಮುದ್ರಿಸಿದ್ದರು. 72ರಲ್ಲಿ ಮುದ್ರಿಸಿದ್ದನ್ನು 78ರಲ್ಲಿ ನುಡಿಸಿದರೆ ಶ್ರುತಿ ಹಾರ್ಮೋನಿಯಂನ ಒಂದು ಮನೆಗಿಂತ ಹೆಚ್ಚೇ ಏರುತ್ತದೆ, ತಾಳವೂ ಓಡುತ್ತದೆ. ನಮ್ಮ ಸಂಗೀತದಲ್ಲಿ ಷಡ್ಜ ಹಾಡುವವರ ಅನುಕೂಲಕ್ಕೆ ಬಿಟ್ಟದ್ದು. ಹಾಗಾಗಿ ಸರಿಯಾದ ಶ್ರುತಿ ಯಾವುದೆಂದು ಹಾಡುವ ದನಿಯನ್ನಷ್ಟೇ ಕೇಳಿ ತಿಳಿಯುವಂತಿಲ್ಲ. ರಾಯರು ಹಿಂದಿನಿಂದ ಕೇಳುವ ಹಾರ್ಮೋನಿಯಂನ ಸ್ವರಕ್ಕೆ ತಮ್ಮ ಪೆಟ್ಟಿಗೆಯ ಸ್ವರ ಹೊಂದಿಸಿ, ಕಣ್ಣು ಮುಚ್ಚಿ, ತಲೆದೂಗಿ, 75 ಎಂದು ತೀರ್ಮಾನಿಸಿದರು. ಮೊಬೈಲಿನಲ್ಲಿ ನಾವು ಕೇಳುವ ಎಷ್ಟೋ ಹಳೆಯ ದನಿಗಳ ಹಿಂದೆ ಇಂಥ ಯಾರದೋ ತಲೆದೂಗುವಿಕೆ ಇದೆ.

ಇಷ್ಟಾದ ಮೇಲೆ ಅಂಕಿಯ ಕೆಲಸ. ಗೆರೆ ಎಂಬುದು ಎಡೆಬಿಡದ ಏರಿಳಿತ. ಕಂಪ್ಯೂಟರಿಗೆ ಏರಿಳಿತ ತಿಳಿಯದು, ಎಣಿಕೆ ತಿಳಿಯುತ್ತದೆ. ಆದ್ದರಿಂದ ಸಮ ಅಂತರದಲ್ಲಿ ಗೆರೆಯ ಎತ್ತರವನ್ನು ಅಳೆದು ಬರೆದುಕೊಳ್ಳುತ್ತ ಹೋಗುವುದು. ಸಿಡಿಗೆ ಸೆಕೆಂಡಿಗೆ 44,100 ಅಳತೆ, ಒಂದೊಂದು ಅಳತೆಗೂ 65,536 ಮೆಟ್ಟಿಲು. ಮನುಷ್ಯನ ಕಿವಿ ಸೆಕೆಂಡಿಗೆ 20,000 ಕಂಪನದಾಚೆ ಕೇಳದು. ಯಾವುದೇ ಕಂಪನವನ್ನು ಲೋಪವಿಲ್ಲದೆ ಮರಳಿ ಪಡೆಯಲು ಅದರ ಇಮ್ಮಡಿಗಿಂತ ಹೆಚ್ಚು ಸಲ ಅಳೆದರೆ ಸಾಕೆಂಬುದು ಗಣಿತದ ಮಾತು. ಹಾಗಾದರೆ 40,000ದ ಮೇಲೆ ಒಂದು ದುಂಡು ಸಂಖ್ಯೆ ಹಿಡಿಯಬಹುದಿತ್ತಲ್ಲ, 44,100 ಯಾಕೆ? ಆಗ ಇಷ್ಟೊಂದು ಅಂಕಿ ಹಿಡಿಯಬಲ್ಲ ಅಗ್ಗದ ವಸ್ತು ಎಂದರೆ ವಿಡಿಯೋ ಟೇಪು. ಟಿವಿ ಚಿತ್ರದ ಒಂದೊಂದು ಅಡ್ಡಗೆರೆಗೆ 3 ಅಳತೆ, ಅಂಥ 245 ಗೆರೆ, ಸೆಕೆಂಡಿಗೆ 60 ಸಲ. ಗುಣಿಸಿ ನೋಡಿ. 1982ರಲ್ಲಿ ಸಿಡಿ ಬಂತು, ವಿಡಿಯೋ ಟೇಪು ಸತ್ತಿತು, ಅದರ ಲೆಕ್ಕ ಮಾತ್ರ ಇನ್ನೂ ಬದುಕಿದೆ.

ರಾಯರು ಇನ್ನೂ ಮುಂದೆ ಹೋಗಿ ಸೆಕೆಂಡಿಗೆ 96,000 ಸಲ ಅಳೆಯುತ್ತಿದ್ದರು. ಕಹಳೆಯ ಕಾಲದ ಪ್ಲೇಟಿನಲ್ಲಿ ಮೂರು ನಾಲ್ಕು ಸಾವಿರ ಕಂಪನದಾಚೆ ಹಾಡೇ ಇಲ್ಲ, ಇದೇನು ದುಂದು ಎಂದೆ. “ಹಾಡಿಗಲ್ಲ ಸ್ವಾಮಿ, ಗೀರಿಗೆ,” ಎಂದರು. ಗೀರಿನ ಚಟ್ ಎಂಬ ಸದ್ದು ಕ್ಷಣಮಾತ್ರದ್ದು. ಅದನ್ನು ಎಷ್ಟು ಚೂಪಾಗಿ ಹಿಡಿದಿಡುತ್ತೇವೋ ಆಮೇಲೆ ಹಾಡಿಗೆ ನೋವಾಗದಂತೆ ಅಷ್ಟು ಸಲೀಸಾಗಿ ಕಿತ್ತು ತೆಗೆಯಬಹುದು. ಮೊಂಡಾಗಿ ಹಿಡಿದರೆ ಅದು ಹಾಡಿನೊಂದಿಗೆ ಕಲಸಿಹೋಗುತ್ತದೆ.

ಸಿಡಿಯ ಬುದ್ಧಿವಂತಿಕೆ ಬೇರೆ ತೆರನದು. ಅದರ ಮೇಲಿನ ಕುಳಿಗಳ ಸಾಲು ಸುಮಾರು 5 ಕಿಲೋಮೀಟರ್ ಉದ್ದ. ಅದರಲ್ಲಿ ಎರಡೂವರೆ ಮಿಲಿಮೀಟರಿನಷ್ಟು ಗೀರು ಬಿದ್ದರೂ ಒಂದು ಸ್ವರವೂ ಕಳೆದುಹೋಗುವುದಿಲ್ಲ. ಅಂಕಿಗಳನ್ನು ಚದುರಿಸಿ ಬರೆದು, ಜೊತೆಗೆ ತಾಳೆ ನೋಡಲು ಹೆಚ್ಚುವರಿ ಅಂಕಿಗಳನ್ನು ಸೇರಿಸಿರುತ್ತಾರೆ. ಹಳಗನ್ನಡದ ಓಲೆ ಓದುವವರಿಗೆ ಈ ಉಪಾಯ ಹೊಸದಲ್ಲ. ಹುಳು ತಿಂದ ಕಡೆ ಯಾವ ಅಕ್ಷರವಿತ್ತೆಂದು ಅವರು ಹೇಗೆ ಹೇಳುತ್ತಾರೆ? ಪಾದದ ಎರಡನೇ ಅಕ್ಷರ ಹೋಗಿದ್ದರೆ ಆದಿಪ್ರಾಸ ಕೈಹಿಡಿಯುತ್ತದೆ, ನಡುವೆ ಹೋಗಿದ್ದರೆ ಗುರು ಲಘುವಿನ ಲೆಕ್ಕ ಹಾದಿ ತೋರುತ್ತದೆ. ಅರ್ಥಕ್ಕೆ ಬೇಕಾದ್ದಕ್ಕಿಂತ ತುಸು ಹೆಚ್ಚು ಕಟ್ಟುಪಾಡು ಇದ್ದುದರಿಂದಲೇ ಕಳೆದದ್ದು ಮರಳಿ ಸಿಗುತ್ತದೆ. ಸಿಡಿಯ ಗಣಿತ ಮಾಡುವುದೂ ಅದನ್ನೇ, ಪ್ರಾಸದ ಬದಲು ಬೀಜಗಣಿತ.

ಮೂರು ನಿಮಿಷದ ಹಾಡು ಸಿಡಿಯ ಲೆಕ್ಕದಲ್ಲಿ 30 ಎಂಬಿಗಿಂತ ಹೆಚ್ಚು. 1990ರ ದಶಕದ ಫೋನ್ ತಂತಿಯಲ್ಲಿ ಅದನ್ನು ಕಳಿಸಲು ಹೊರಟರೆ ಅಡುಗೆ ಊಟ ಮುಗಿಸಿ ಬರಬಹುದಿತ್ತು. ಜರ್ಮನಿಯ ಕಾರ್ಲ್‌ಹೈಂಜ್ ಬ್ರಾಂಡೆನ್‌ಬರ್ಗ್ ಮತ್ತವರ ಜೊತೆಗಾರರು ಎಂಪಿ3 ಮಾಡಿ ಅದನ್ನು ಹನ್ನೊಂದನೇ ಒಂದು ಭಾಗಕ್ಕೆ ಇಳಿಸಿದರು. ಅವರು ಅಳೆದದ್ದು ಹಾಡನ್ನಲ್ಲ, ಕಿವಿಯ ದೌರ್ಬಲ್ಯವನ್ನು. ಮಿಕ್ಸಿ ತಿರುಗುವಾಗ ಅಡುಗೆಮನೆಯಲ್ಲಿ ಆಡಿದ ಮಾತು ಹಜಾರದಲ್ಲಿ ಕೂತವರಿಗೆ ಕೇಳುವುದಿಲ್ಲ. ಚಂಡೆಯ ಪೆಟ್ಟು ಬಿದ್ದ ಗಳಿಗೆಯಲ್ಲಿ ಶ್ರುತಿಪೆಟ್ಟಿಗೆ ಇದ್ದೂ ಇಲ್ಲ. ಪೆಟ್ಟು ನಿಂತ ಮೇಲೂ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಕಿವಿ ಮಂಕಾಗಿರುತ್ತದೆ. ಹೇಗೂ ಕೇಳದ್ದನ್ನು ಬರೆದಿಡುವುದೇಕೆ? ಎಂಪಿ3 ಹಾಡನ್ನು ಸಣ್ಣ ಸಣ್ಣ ತುಣುಕು ಮಾಡಿ, ತುಣುಕನ್ನು 576 ಕಂಪನಪಟ್ಟಿಗಳಾಗಿ ಸೀಳಿ, ಯಾವುದು ಯಾವುದರ ನೆರಳಿನಲ್ಲಿದೆ ಎಂದು ನೋಡಿ, ನೆರಳಿನಲ್ಲಿದ್ದುದನ್ನು ಒರಟಾಗಿ ಬರೆಯುತ್ತದೆ ಅಥವಾ ಬಿಟ್ಟೇಬಿಡುತ್ತದೆ. ಈ ಜಾಣತನ ನನಗೆ ಇಷ್ಟ. ಆದರೆ ತಂಬೂರಿಯ ವಿಷಯದಲ್ಲಿ ನನಗೆ ಅದರ ಮೇಲೆ ನಂಬಿಕೆ ಕಡಿಮೆ. ತಂಬೂರಿ ಇರುವುದೇ ನೆರಳಿನಲ್ಲಿ. ಕಡಿಮೆ ಗಾತ್ರದ ಫೈಲಿನಲ್ಲಿ ಅದು ನೀರಿನೊಳಗಿಂದ ಬಂದಂತೆ ಕೇಳುತ್ತದೆ.

ಪುಸ್ತಕದ ಪಾಡು ಇನ್ನೊಂದು. ಪುಟದ ಫೋಟೋ ತೆಗೆದು ಪೇರಿಸಿದರೆ ಅದು ಕಣ್ಣಿಗೆ ಪುಸ್ತಕ, ಕಂಪ್ಯೂಟರಿಗೆ ಬರೀ ಚುಕ್ಕೆ. ಅಕ್ಷರ ಅಕ್ಷರವಾಗಿ ಉಳಿಯಬೇಕಾದರೆ ಒಂದೊಂದಕ್ಕೂ ಸಂಖ್ಯೆ ಬೇಕು. ಯೂನಿಕೋಡ್‌ನಲ್ಲಿ ‘ಕ’ ಎಂದರೆ 3221. ನಾವು ಒಂದೇ ಗಂಟಾಗಿ ಬರೆಯುವ ‘ಸ್ತ್ರೀ’ ಅಲ್ಲಿ ಆರು ಸಂಖ್ಯೆಗಳ ಸಾಲು. ‘ಸೂರ್ಯ’ ಎಂಬಲ್ಲಿ ಅರ್ಕಾವೊತ್ತು ಪುಟದಲ್ಲಿ ಯಕಾರದ ಬಲಕ್ಕಿದ್ದರೂ ಸಂಖ್ಯೆಯಲ್ಲಿ ರಕಾರವೇ ಮೊದಲು, ಅಂದರೆ ಅದು ಕಣ್ಣಿನ ಕ್ರಮ ಬಿಟ್ಟು ನಾಲಿಗೆಯ ಕ್ರಮ ಹಿಡಿಯುತ್ತದೆ. ಪುಟ ಓದುವ ಯಂತ್ರ ಇದನ್ನೆಲ್ಲ ತಿರುಗಿಸಿಕೊಳ್ಳಬೇಕು, ಒತ್ತಕ್ಷರವನ್ನು ಕೆಳಗಿನ ಸಾಲಿನದೆಂದು ತಪ್ಪು ತಿಳಿಯಬಾರದು, ಸೊನ್ನೆಯನ್ನೂ ಅನುಸ್ವಾರವನ್ನೂ ಬೇರೆ ಮಾಡಬೇಕು. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಫಾಂಟುಗಳು ಕನ್ನಡದ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಇರಿಸಿದ್ದವು. ಇಪ್ಪತ್ತು ವರ್ಷದ ಹಿಂದಿನ ನನ್ನದೇ ಒಂದು ಲೇಖನ ಮೊನ್ನೆ ತೆರೆದರೆ ಬರೀ ಟೋಪಿ ಹಾಕಿದ ರೋಮನ್ ಅಕ್ಷರ. ಅಂಕಿಯೊಂದೂ ಅಳಿದಿಲ್ಲ, ಫಾಂಟು ಮಾತ್ರ ಇಲ್ಲ. ಅದೇ ಲೇಖನ ಅಚ್ಚಾದ ಪತ್ರಿಕೆಯನ್ನು ಅಟ್ಟದಿಂದ ಇಳಿಸಿ, ಇಲಿ ತಿಂದ ಮೂಲೆ ಬಿಟ್ಟು ಮಿಕ್ಕದ್ದನ್ನೆಲ್ಲ ಓದಿದೆ.

ವಸ್ತು ಇದ್ದಲ್ಲೇ ಇದ್ದು ಬಾಳುತ್ತದೆ, ಅಂಕಿ ಊರು ಬದಲಿಸುತ್ತ ಬಾಳುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಬಿಟ್ಟು ಮರೆತರೆ ಪ್ಲೇಟಿನಷ್ಟೂ ಅದು ಉಳಿಯದು. ಒಂದರಿಂದ ಎರಡಾಗುತ್ತ, ಎರಡು ಬೇರೆ ಬೇರೆ ಕಡೆ ಇರುತ್ತ, ಹಳೆಯ ಪೆಟ್ಟಿಗೆಯಿಂದ ಹೊಸದಕ್ಕೆ ದಾಟುತ್ತ ಇರಬೇಕು. ಹತ್ತನೇ ಶತಮಾನದ ಕೊನೆಗೆ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದ್ದು ಇದೇ ಲೆಕ್ಕಾಚಾರದಿಂದ. ಓಲೆಗರಿಗೆ ಆಯಸ್ಸು ಕಡಿಮೆ, ಸಾವಿರ ಓಲೆಗೆ ಹೆಚ್ಚು. ಒಂದೇ ವ್ಯತ್ಯಾಸ, ಲಿಪಿಕಾರನ ಕೈಯಲ್ಲಿ ಪ್ರತಿ ಸಲ ಒಂದಿಷ್ಟು ಪಾಠಾಂತರ ಹುಟ್ಟುತ್ತಿತ್ತು, ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿದಾಗ ಪ್ರತಿ ಸಲ ಒಂದಿಷ್ಟು ‘ಹುಸ್’ ಸೇರುತ್ತಿತ್ತು. ಅಂಕಿಯ ನೂರನೇ ಪ್ರತಿ ಮೊದಲನೆಯದರ ತದ್ರೂಪು. ಎಂಪಿ3ಯನ್ನು ಮತ್ತೆ ಮತ್ತೆ ಎಂಪಿ3 ಮಾಡಿದರೆ ಮಾತ್ರ ಪಾಠಾಂತರ ಶುರು.

ಹಾಗಾದರೆ ಪ್ಲೇಟುಗಳನ್ನು ಇನ್ನು ಎಸೆಯಬಹುದೇ ಎಂದು ಕೇಳಿ ರಾಯರಿಂದ ಬೈಸಿಕೊಂಡೆ. 1860ರಲ್ಲಿ ಪ್ಯಾರಿಸ್‌ನಲ್ಲಿ ಎದ್ವಾರ್ ಲಿಯೋನ್ ಸ್ಕಾಟ್ ಎಂಬಾತ ಹಾಡಿನ ನಡುಕವನ್ನು ಮಸಿ ಹಿಡಿದ ಕಾಗದದ ಮೇಲೆ ಗೆರೆಯಾಗಿ ಬರೆಸಿದ್ದ. ಅದನ್ನು ಮರಳಿ ಕೇಳಬಹುದೆಂಬ ಯೋಚನೆಯೇ ಅವನಿಗಿರಲಿಲ್ಲ, ಕಣ್ಣಿಂದ ನೋಡಲು ಮಾಡಿದ್ದು ಅದು. 2008ರಲ್ಲಿ ಅಮೆರಿಕದವರು ಆ ಗೆರೆಯ ಚಿತ್ರವನ್ನು ಕಂಪ್ಯೂಟರಿಗೆ ಕೊಟ್ಟು ಹಾಡಿಸಿದರು. ಬರ್ಕ್‌ಲಿಯ ಪ್ರಯೋಗಾಲಯದಲ್ಲಿ ಒಡೆದ ಪ್ಲೇಟನ್ನೂ ಮುಳ್ಳು ತಾಗಿಸದೆ ಕ್ಯಾಮೆರಾದಿಂದ ಓದಿದ್ದಾರೆ. ನಮ್ಮ ನಾಲ್ಕನೇ ಮುಳ್ಳಿಗೆ ಕೇಳದ್ದು ಮುಂದೊಂದು ಕ್ಯಾಮೆರಾಕ್ಕೆ ಕಂಡೀತು, 75 ಎಂದು ರಾಯರು ಹಿಡಿದ ವೇಗ ತಪ್ಪೆಂದು ಮತ್ತೊಬ್ಬರು ತೋರಿಸಿಯಾರು. ಫೈಲಿನಲ್ಲಿರುವುದು ಒಂದು ಸಂಜೆಯ ಓದು.

ಸಂಜೆ ರಾಯರು ಪ್ಲೇಟುಗಳನ್ನು ಒಂದೊಂದಾಗಿ ಲಕೋಟೆಗೆ ತುರುಕಿ ಟ್ರಂಕಿನಲ್ಲಿ ನಿಲ್ಲಿಸಿದರು. ಒಂದರ ಮೇಲೊಂದು ಮಲಗಿಸಿದರೆ ಬೇಸಿಗೆಗೆ ಸೊಟ್ಟಗಾಗುತ್ತವಂತೆ. ಹದಿನಾಲ್ಕು ಪ್ಲೇಟಿನ ಹಾಡು ನನ್ನ ಅಂಗಿಯ ಜೇಬಿನ ಪೆನ್‌ಡ್ರೈವಿನಲ್ಲಿತ್ತು, ಇನ್ನೆರಡು ಪ್ರತಿ ಮಾಡಿಸಿ ಒಂದನ್ನು ತಂಗಿಯ ಮನೆಯಲ್ಲಿಡಿ ಎಂದು ತಾಕೀತಾಗಿತ್ತು. ಹೊರಡುವಾಗ ಚೀಲಕ್ಕೆ ಬಾಟಲಿ ಹಾಕಿಕೊಳ್ಳುತ್ತಿದ್ದೆ. “ಅದು ಇಲ್ಲೇ ಇರ್ಲಿ,” ಎಂದರು. “ನಾಳೆ ಕ್ಯಾಸೆಟ್ ತರ್ತೀನಿ ಅಂದ್ರಲ್ಲ, ಟೇಪ್‌ರೆಕಾರ್ಡರ್ ಹೆಡ್ ಒರೆಸೋಕೆ ಸ್ಪಿರಿಟ್ಟೇ ಬೇಕು.”